ಕಾವೇರಿಗಾಗಿ ಕಣ್ಣೀರಿಟ್ಟವರು

ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ತೆರೆಕಂಡು ಅರ್ಧ ಶತಮಾನ ಕಳೆದಿದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಹೆರಿಗೆಯ ಬಳಿಕ ಮನೋರೋಗಕ್ಕೆ ತುತ್ತಾಗಿ, ಗುಣಮುಖಳಾಗಿ ಮರಳುವ ಕಾವೇರಿಯನ್ನು ಮನೆಯವರೇ ಅನುಮಾನದಿಂದ ಕಾಣುತ್ತಾರೆ. ರೋಗ ಬಿಟ್ಟರೂ ‘ಹುಚ್ಚಿ’ ಎಂಬ ಪಟ್ಟ ಬಿಡುವುದಿಲ್ಲ. ಆ ಪಾತ್ರಕ್ಕೆ ಜೀವ ತುಂಬಿದವರು ‘ಮಿನುಗುತಾರೆ’ ಕಲ್ಪನಾ.

ಚಿತ್ರಾವಕಾಶಗಳು ಕ್ಷೀಣಿಸಿದಾಗ ಅವರು ನಮ್ಮ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯತ್ತ ಬಂದು, ಗುಡಗೇರಿ ಬಸವರಾಜರ ಕಂಪನಿಯಲ್ಲಿ ನಟಿಸಿದರು. 1979ರ ಮೇ ತಿಂಗಳಲ್ಲಿ ಸಂಕೇಶ್ವರ ಸಮೀಪದ ಗೋಟೂರಿನಲ್ಲಿ ನಿಧನರಾದಾಗ ಅವರಿಗೆ 35 ವರ್ಷ.

ಅರ್ಥಶಾಸ್ತ್ರ ಓದಿದ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ನನ್ನಂಥ ನೌಕರನಿಗೆ ಸಂಬಳವಿತ್ತು, ಈಗ ಪಿಂಚಣಿಯಿದೆ. ಕಲಾವಿದರ ಆದಾಯವಾದರೋ ಜಾತ್ರೆಯ ಹಂಗಾಮಿನಂತೆ ಏರಿಳಿಯುತ್ತದೆ. ಸರ್ಕಾರದ ಮಾಸಾಶನ ಮುಪ್ಪಿನಲ್ಲಿ ಕೈಸೇರುತ್ತದೆ. ಸಂಕಟ ನಡುವಯಸ್ಸಿನಲ್ಲೇ ಎದುರಾಗುತ್ತದೆ.

ಇದು ಕಲಾವಿದರಿಗಷ್ಟೇ ಸೀಮಿತವಲ್ಲ. ಒಣದ್ರಾಕ್ಷಿಯ ದರ ಕುಸಿದಾಗ ತಿಕೋಟಾ, ಬಬಲೇಶ್ವರದ ಬೆಳೆಗಾರನ ಮನಸ್ಸೂ ಕುಸಿಯುತ್ತದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ (14416) ಹಗಲಿರುಳೂ ಲಭ್ಯ. ಆದರೆ ವಿಜಯಪುರದಂಥ ನಗರದಲ್ಲೂ ‘ಜನ ಏನೆಂದಾರು’ ಎಂಬ ಅಳುಕು ಕರೆ ಮಾಡುವ ಕೈಯನ್ನು ತಡೆಯುತ್ತದೆ. ತೆರೆಯ ಮೇಲಿನ ಕಾವೇರಿಗಾಗಿ ಅತ್ತ ನಾವು, ನೆರೆಮನೆಯ ಕಾವೇರಿಗೆ ಆ ಪಟ್ಟ ಕಟ್ಟದಿರುವುದೇ ಕಲ್ಪನಾ ಅವರಿಗೆ ಸಲ್ಲಿಸಬಹುದಾದ ಗೌರವ.