ಉದ್ಯೋಗಸ್ಥರೂ ನ್ಯಾಯವಿದ್ಯೆಯ ಪ್ರವೇಶ ಪರೀಕ್ಷೆಯೂ

'ನ್ಯಾಯ' ಎಂಬ ಶಬ್ದಕ್ಕೆ ನಮ್ಮ ಶಾಸ್ತ್ರಪರಂಪರೆಯಲ್ಲಿ ತರ್ಕವೆಂಬುದು ಒಂದು ಅರ್ಥ. ಲೋಕವ್ಯವಹಾರದಲ್ಲಿ ಕೋರ್ಟು ಕಚೇರಿಗಳಲ್ಲಿ ದೊರೆಯತಕ್ಕದ್ದು ಎಂಬುದು ಇನ್ನೊಂದು ಅರ್ಥ. ಈ ಎರಡು ಅರ್ಥಗಳೂ ಒಂದೇ ಬಾಗಿಲಲ್ಲಿ ಸಂಧಿಸುವ ಪರೀಕ್ಷೆಯೊಂದು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನಡೆಯುತ್ತಿದೆ. ಅಲ್ಲಿನ ಕಾನೂನು ಕಾಲೇಜುಗಳನ್ನು ಸೇರಬಯಸುವವರು ಬರೆಯುವ ಆ ಪರೀಕ್ಷೆಗೆ 'ಎಲ್‌ಸ್ಯಾಟ್' ಎಂದು ಹೆಸರು. 1948ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಕಾನೂನಿನ ಜ್ಞಾನವನ್ನು ಎಳ್ಳಷ್ಟೂ ಅಪೇಕ್ಷಿಸುವುದಿಲ್ಲ. ಕೇಳುವುದೆಲ್ಲ ಓದಿದ್ದನ್ನು ಗ್ರಹಿಸುವ ಬಗೆ ಮತ್ತು ತರ್ಕ.

ನಮ್ಮ ಶಾಲೆಯಲ್ಲಿ ಓದಿ, ಉದ್ಯೋಗನಿಮಿತ್ತ ಆ ದೇಶದಲ್ಲಿ ನೆಲಸಿದವರು ಈಗ ಕಡಿಮೆಯೇನಿಲ್ಲ. ಅವರಲ್ಲೊಬ್ಬರು, ನ್ಯೂಜೆರ್ಸಿಯಲ್ಲಿ ಇಂಜಿನಿಯರಾಗಿರುವವರು, 2024ರ ಬೇಸಗೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದರು. "ಗುರುಗಳೇ, ಕಾನೂನು ಓದಬೇಕೆಂಬ ಮನಸ್ಸಾಗಿದೆ. ಆದರೆ ಕೆಲಸ ಬಿಡುವಂತಿಲ್ಲ, ಮನೆಯ ಸಾಲವಿದೆ, ಮಕ್ಕಳು ಚಿಕ್ಕವರು" ಎಂದು ಹೇಳಿ, ಪ್ರಶ್ನೆಪತ್ರಿಕೆಯ ಮಾದರಿಯೊಂದನ್ನು ಮುಂದಿಟ್ಟರು. ಆಂಗ್ಲಭಾಷೆಯಲ್ಲಿ ನನ್ನ ಪರಿಶ್ರಮ ಅಲ್ಪ. ಅವರು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಾಗ, ಬಾಲ್ಯದಲ್ಲಿ ಅನ್ನಂಭಟ್ಟನ 'ತರ್ಕಸಂಗ್ರಹ'ವನ್ನು ಪಾಠ ಹೇಳಿಸಿಕೊಂಡ ದಿನಗಳು ನೆನಪಾದವು. ಮುಂದೆ ಅವರು ನಡೆಸಿದ ಸಿದ್ಧತೆಯ ಏಳುಬೀಳುಗಳನ್ನೆಲ್ಲ ನನಗೆ ತಿಳಿಸುತ್ತ ಬಂದರು. ಅದೇ ದಾರಿ ಹಿಡಿಯುವ ಇತರರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ನಿರೂಪಿಸುತ್ತೇನೆ.

ಅಮೆರಿಕದಲ್ಲಿ ಯಾವುದೇ ವಿಷಯದಲ್ಲಿ ಪದವಿ ಪಡೆದ ಮೇಲೆ, ನಮ್ಮಲ್ಲಿಯ ಮೂರು ವರ್ಷದ ಎಲ್‌ಎಲ್.ಬಿ.ಯಂತೆ, ಮೂರು ವರ್ಷ ಕಾನೂನು ಓದಬೇಕು. ಕೆಲಸದಲ್ಲಿರುವವರಿಗಾಗಿ ಕೆಲವು ಕಾಲೇಜುಗಳು ಸಂಜೆಯ ತರಗತಿಗಳನ್ನು ನಡೆಸುತ್ತವೆ. ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಅಂಥದೊಂದು. ಸಂಜೆ ಓದುವವರಿಗೆ ಸಾಮಾನ್ಯವಾಗಿ ನಾಲ್ಕು ವರ್ಷ ಹಿಡಿಯುತ್ತದೆ. ಕಾಲೇಜಿನ ಶುಲ್ಕವೋ ಸಂಸಾರಿಗಳ ಎದೆ ನಡುಗಿಸುವಂಥದು. ಪ್ರವೇಶ ಪರೀಕ್ಷೆಯ ಅಂಕ ಚೆನ್ನಾಗಿದ್ದವರಿಗೆ ಅನೇಕ ಕಾಲೇಜುಗಳು ಶುಲ್ಕದಲ್ಲಿ ವಿನಾಯಿತಿ ಕೊಡುತ್ತವೆಯಾದುದರಿಂದ, ಸಂಬಳದಿಂದ ಮನೆ ನಡೆಸುವವನಿಗೆ ಇಲ್ಲಿಯ ನಾಲ್ಕೈದು ಅಂಕಗಳೂ ದುಡ್ಡಿನ ಲೆಕ್ಕವೇ ಆಗುತ್ತವೆ. ಅಂಕಗಳು 120ರಿಂದ 180ರ ವರೆಗೆ ಇರುತ್ತವೆ. ಹೆಸರಾಂತ ಕಾಲೇಜುಗಳು 170ಕ್ಕಿಂತ ಮೇಲಿನವರನ್ನು ಹುಡುಕುತ್ತವೆ.

ಪರೀಕ್ಷೆಯಲ್ಲಿ ನಾಲ್ಕು ಭಾಗಗಳು, ಒಂದೊಂದಕ್ಕೂ 35 ನಿಮಿಷ, ನಡುವೆ ಹತ್ತು ನಿಮಿಷದ ವಿರಾಮ. ಎರಡು ಭಾಗ ತರ್ಕಕ್ಕೆ, ಒಂದು ಭಾಗ ಗ್ರಹಿಕೆಗೆ. ಉಳಿದೊಂದು ಭಾಗ ಪರೀಕ್ಷಾಧಿಕಾರಿಗಳು ಹೊಸ ಪ್ರಶ್ನೆಗಳನ್ನು ಪರಖಿಸಿ ನೋಡಲು ಸೇರಿಸಿದ್ದು. ಅದಕ್ಕೆ ಅಂಕವಿಲ್ಲ, ಆದರೆ ಅದು ಯಾವುದೆಂದು ಬರೆಯುವವನಿಗೆ ತಿಳಿಯದು. ಇದಲ್ಲದೆ ಪ್ರತ್ಯೇಕವಾಗಿ ಒಂದು ಪ್ರಬಂಧವನ್ನೂ ಬರೆಯಬೇಕು. 2024ರ ಜೂನ್ ವರೆಗೆ ಒಗಟಿನಂಥ ಲೆಕ್ಕಗಳ ಒಂದು ಭಾಗವಿದ್ದು, ಅದೇ ವರ್ಷದ ಆಗಸ್ಟಿನಿಂದ ಅದನ್ನು ತೆಗೆದುಹಾಕಿದರು. ನಮ್ಮ ಇಂಜಿನಿಯರರು ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಹಳೆಯ ಪುಸ್ತಕಗಳಲ್ಲಿ ಮೂರನೆಯ ಒಂದು ಪಾಲು ಈ ಒಗಟುಗಳೇ ಇದ್ದವು. ಪುಸ್ತಕ ಕೊಳ್ಳುವವರು ಇಸವಿ ನೋಡಿ ಕೊಳ್ಳತಕ್ಕದ್ದು.

ತರ್ಕದ ಒಂದು ಭಾಗದಲ್ಲಿ ಸುಮಾರು 25 ಪ್ರಶ್ನೆಗಳು. ಅಂದರೆ ಒಂದಕ್ಕೆ ಒಂದೂಕಾಲು, ಒಂದೂವರೆ ನಿಮಿಷ. ಪ್ರತಿಯೊಂದರಲ್ಲಿಯೂ ಯಾರೋ ಒಬ್ಬ ಏನನ್ನೋ ವಾದಿಸುತ್ತಾನೆ. ಆ ವಾದದ ದೋಷವೇನು, ಅದು ಯಾವ ಹೇಳದ ಮಾತಿನ ಮೇಲೆ ನಿಂತಿದೆ, ಯಾವ ಸಂಗತಿ ಅದನ್ನು ಬಲಪಡಿಸುತ್ತದೆ ಅಥವಾ ಬೀಳಿಸುತ್ತದೆ ಎಂದು ಐದು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಒಂದು ಉದಾಹರಣೆಯನ್ನು ನಾನೇ ಕಟ್ಟಿಕೊಡುತ್ತೇನೆ. 'ಗ್ರಂಥಾಲಯದ ಚೀಟಿ ಇದ್ದವರು ಮಾತ್ರ ಪುಸ್ತಕವನ್ನು ಮನೆಗೆ ಒಯ್ಯಬಹುದು. ರಾಮಣ್ಣನಲ್ಲಿ ಚೀಟಿ ಇದೆ. ಆದುದರಿಂದ ರಾಮಣ್ಣ ಪುಸ್ತಕ ಒಯ್ಯಬಹುದು.' ಕೇಳುವ ಕಿವಿಗೆ ಇದು ಸರಿಯೆಂದೇ ತೋರುತ್ತದೆ. ಆದರೆ ರಾಮಣ್ಣ ಹಿಂದಿನ ಪುಸ್ತಕವನ್ನು ತಿರುಗಿಸಿಲ್ಲದಿದ್ದರೆ? ಚೀಟಿ ಬೇಕೇ ಬೇಕು, ಆದರೆ ಚೀಟಿಯೊಂದೇ ಸಾಲದು. ಬೇಕಾದದ್ದಕ್ಕೂ ಸಾಕಾದದ್ದಕ್ಕೂ ಇರುವ ಈ ಅಂತರವನ್ನು ಮರೆಯುವುದೇ ಆ ಪರೀಕ್ಷೆಯಲ್ಲಿ ಬಹುಮಂದಿ ಬೀಳುವ ಹಳ್ಳ.

ನಮ್ಮ ತಾರ್ಕಿಕರು ಇದನ್ನು ಹೊಗೆ ಮತ್ತು ಬೆಂಕಿಯ ದೃಷ್ಟಾಂತದಿಂದ ಕಲಿಸಿದರು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಇದು ವ್ಯಾಪ್ತಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆ? ಇಲ್ಲ. ಕುಲುಮೆಯಿಂದ ತೆಗೆದ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಈ ಕಬ್ಬಿಣದ ಗುಂಡನ್ನು ಮನಸ್ಸಿನಲ್ಲಿಟ್ಟುಕೊಂಡವನು ರಾಮಣ್ಣನ ಚೀಟಿಗೆ ಮೋಸಹೋಗುವುದಿಲ್ಲ. ಹಾಗೆಯೇ ಎರಡು ಸಂಗತಿಗಳು ಒಟ್ಟಿಗೆ ನಡೆದುವೆಂಬ ಮಾತ್ರಕ್ಕೆ ಒಂದನ್ನು ಇನ್ನೊಂದರ ಕಾರಣವೆನ್ನುವ ವಾದಗಳು ಅಲ್ಲಿ ಮೇಲಿಂದ ಮೇಲೆ ಬರುತ್ತವೆ. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಟ್ಟುವುದನ್ನು ಕಾಕತಾಳೀಯವೆಂದು ಕರೆದವರು ನಾವು. ಗ್ರಹಿಕೆಯ ಭಾಗದಲ್ಲಿ ಕಾನೂನು, ವಿಜ್ಞಾನ, ಕಲೆ, ಸಮಾಜಶಾಸ್ತ್ರ ಮುಂತಾದ ವಿಷಯಗಳ ಗಡುಸಾದ ಗದ್ಯಖಂಡಗಳನ್ನು ಕೊಡುತ್ತಾರೆ. ಅಲ್ಲಿಯೂ ಪೂರ್ವಪಕ್ಷ ಯಾವುದು, ಸಿದ್ಧಾಂತ ಯಾವುದು, ಲೇಖಕನು ಯಾವ ಕಡೆ ನಿಂತಿದ್ದಾನೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಇದರಿಂದ ನಮ್ಮ ಶಾಸ್ತ್ರವೇ ಅಮೆರಿಕಕ್ಕೆ ಹೋಯಿತೆಂದು ಉಬ್ಬಬೇಕಾಗಿಲ್ಲ. ಮನುಷ್ಯರು ಎಡವುವ ಕಲ್ಲುಗಳು ಎಲ್ಲ ಊರುಗಳಲ್ಲಿಯೂ ಅವೇ ಇರುತ್ತವೆ, ಅಷ್ಟೆ.

ಇನ್ನು ಕಾಲದ ವಿಚಾರ. ಈ ಪರೀಕ್ಷೆಗೆ 250ರಿಂದ 300 ಗಂಟೆಗಳ ಸಿದ್ಧತೆ ಬೇಕೆಂದು ಅಲ್ಲಿ ಬೋಧಿಸುವವರು ಹೇಳುವುದುಂಟು. ನಮ್ಮವರು ಊರಿನಿಂದ ಹಿಂದಿರುಗಿದ ಕೂಡಲೆ, ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡರ ವರೆಗೆ ಓದತೊಡಗಿದರು. ಗಂಟೆಗಳ ಲೆಕ್ಕವೇನೋ ತುಂಬಿತು. ಆದರೆ ದಿನವೆಲ್ಲ ಕಚೇರಿಯಲ್ಲಿ ದುಡಿದ ಬುದ್ಧಿ ರಾತ್ರಿ ವಾಕ್ಯದ ಮೊದಲನ್ನು ಓದಿ ಕೊನೆಯನ್ನು ಊಹಿಸುತ್ತಿತ್ತು. ಆ ನವೆಂಬರಿನಲ್ಲಿ ಆತುರದಿಂದ ಪರೀಕ್ಷೆ ಬರೆದರು. ಮನೆಯಲ್ಲಿ ಬರೆದ ಮೊದಲ ಮಾದರಿ ಪರೀಕ್ಷೆಗಿಂತ ಎರಡೇ ಅಂಕ ಹೆಚ್ಚು ಬಂದವು. ವಿಷಯಜ್ಞಾನದ ಪರೀಕ್ಷೆಯಾದರೆ ದಣಿದವನೂ ಕಂಠಪಾಠದಿಂದ ದಾಟಬಹುದು. ಇದು ಗಮನದ ಪರೀಕ್ಷೆ. ದಣಿದು ಓದಿದರೆ ದಣಿವಿನ ಅಭ್ಯಾಸವೇ ಆಗುತ್ತದೆ.

2025ರ ಜನವರಿಯಿಂದ ಕ್ರಮ ಬದಲಾಯಿತು. ಸೋಮವಾರದಿಂದ ಶುಕ್ರವಾರದ ವರೆಗೆ ಬೆಳಿಗ್ಗೆ ಐದಕ್ಕೆ ಎದ್ದು ಒಂದೇ ಗಂಟೆ. ಶನಿವಾರ ಮೂರು ಗಂಟೆ. ಒಟ್ಟು ವಾರಕ್ಕೆ ಎಂಟು. ಈ ಲೆಕ್ಕದಲ್ಲಿ 250 ಗಂಟೆಗಳಿಗೆ 32 ವಾರಗಳು ಬೇಕು; ಮಕ್ಕಳ ಜ್ವರಕ್ಕೆ, ಕಚೇರಿಯ ಅವಸರಗಳಿಗೆ ಐದಾರು ವಾರ ಸೇರಿಸಿದರೆ ಒಂಬತ್ತು ತಿಂಗಳು. ಈ ಐದಾರು ವಾರಗಳನ್ನು ಮೊದಲೇ ಕೂಡಿಸದೆ ಮಾಡಿದ ಯೋಜನೆ ಮೊದಲ ಜ್ವರಕ್ಕೇ ಮುರಿದು ಬೀಳುತ್ತದೆ. ಭಾನುವಾರ ಪುಸ್ತಕ ಮುಟ್ಟುವಂತಿಲ್ಲ. ಇದನ್ನು ಅವರು ಸಂಕೋಚದಿಂದ ಹೇಳಿದಾಗ ನನಗೆ ನಗೆ ಬಂತು. ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿಗಳಂದು ಅನಧ್ಯಯನವೆಂದು ಪಾಠ ನಿಲ್ಲಿಸುತ್ತಿದ್ದುದು ಸೋಮಾರಿತನದಿಂದಲ್ಲ.

ಮೊದಲ ಮೂರು ತಿಂಗಳು ಅವರು ಗಡಿಯಾರವನ್ನೇ ನೋಡಲಿಲ್ಲ. ದಿನಕ್ಕೆ ಹತ್ತೇ ಪ್ರಶ್ನೆ, ಒಂದೊಂದರಲ್ಲಿಯೂ ಐದು ಉತ್ತರಗಳಲ್ಲಿ ನಾಲ್ಕು ಏಕೆ ತಪ್ಪೆಂದು ಬಾಯಿಬಿಟ್ಟು ಹೇಳುವುದು. ಆಮೇಲೆ ಶನಿವಾರಗಳಂದು ಕಾಲಮಿತಿಯಲ್ಲಿ ಪೂರ್ಣ ಪರೀಕ್ಷೆ. ಪರೀಕ್ಷೆ ನಡೆಸುವ ಸಂಸ್ಥೆಯೇ ತನ್ನ 'ಲಾಹಬ್' ಎಂಬ ಜಾಲತಾಣದಲ್ಲಿ ಕೆಲವು ಹಳೆಯ ಪ್ರಶ್ನೆಪತ್ರಿಕೆಗಳನ್ನು ಉಚಿತವಾಗಿಯೂ ಉಳಿದವನ್ನು ವಾರ್ಷಿಕ ಶುಲ್ಕಕ್ಕೂ ಕೊಡುತ್ತದೆ. ಬರೆದು ಮುಗಿಸಿದ ಮೇಲೆ ಸರಿಯುತ್ತರಗಳನ್ನು ನೋಡದೆ, ಅನುಮಾನ ಬಂದ ಪ್ರಶ್ನೆಗಳನ್ನೆಲ್ಲ ಕಾಲದ ಹಂಗಿಲ್ಲದೆ ಇನ್ನೊಮ್ಮೆ ಬಿಡಿಸಬೇಕು. ಎರಡನೆಯ ಸಲ ಸರಿಯಾದರೆ ದೋಷ ವೇಗದಲ್ಲಿ. ಎರಡನೆಯ ಸಲವೂ ತಪ್ಪಿದರೆ ದೋಷ ತಿಳಿವಳಿಕೆಯಲ್ಲಿ. ಎರಡಕ್ಕೂ ಔಷಧ ಬೇರೆ ಬೇರೆ. ತಪ್ಪಾದ ಪ್ರತಿಯೊಂದನ್ನೂ, ತಾವು ಅದನ್ನೇಕೆ ಆರಿಸಿದಿರೆಂಬ ಕಾರಣದೊಡನೆ, ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ನಮ್ಮವರ ನೋಟುಬುಕ್ಕನ್ನು ನಾನು ನೋಡಿದ್ದೇನೆ. ಪುಟದ ಅಂಚುಗಳಲ್ಲಿ ಕನ್ನಡದಲ್ಲಿ 'ಕಬ್ಬಿಣದ ಗುಂಡು', 'ಕಾಗೆ', 'ಪೂರ್ವಪಕ್ಷವನ್ನೇ ಲೇಖಕನ ಮತವೆಂದೆ' ಎಂದೆಲ್ಲ ಗುರುತುಗಳು. ಮಾರ್ಚಿಯಲ್ಲಿ ಪುಟಕ್ಕೆ ನಾಲ್ಕು ಗುಂಡುಗಳಿದ್ದವು. ಜುಲೈ ಹೊತ್ತಿಗೆ ಅಪರೂಪವಾಗಿದ್ದವು. ಕಾಗೆ ಮಾತ್ರ ಕೊನೆಯವರೆಗೂ ಬರುತ್ತಿತ್ತು.

ಪರೀಕ್ಷೆಯ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ಅದರ ಹಿಂದೆ ಓಡುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ವರ್ಷದಲ್ಲಿ ಹಲವು ಸಲ ಪರೀಕ್ಷೆ ನಡೆಯುತ್ತದೆ. ಆದರೆ ಐದು ವರ್ಷಗಳ ಅವಧಿಯಲ್ಲಿ ಐದು ಸಲ, ಜೀವಮಾನದಲ್ಲಿ ಏಳು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಆದುದರಿಂದ ಮನೆಯಲ್ಲಿ ಬರೆದ ಮೂರು ನಾಲ್ಕು ಪೂರ್ಣ ಪರೀಕ್ಷೆಗಳಲ್ಲಿ ಬೇಕಾದ ಅಂಕ ಬಂದ ಮೇಲೆಯೇ ಹೆಸರು ನೋಂದಾಯಿಸುವುದು ಲೇಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕಾಲೇಜುಗಳು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಅರ್ಜಿಗಳನ್ನು ಸ್ವೀಕರಿಸಿ, ಬಂದ ಬಂದ ಹಾಗೆ ನಿರ್ಣಯಿಸುವುದರಿಂದ, ಬೇಸಗೆಯ ಕೊನೆಗೆ ಸಿದ್ಧರಾದವರಿಗೆ ಅನುಕೂಲ ಹೆಚ್ಚು.

ನಮ್ಮವರು 2025ರ ಸೆಪ್ಟೆಂಬರಿನಲ್ಲಿ ಎರಡನೆಯ ಸಲ ಬರೆದರು. ಹಿಂದಿನದಕ್ಕಿಂತ ಹನ್ನೊಂದು ಅಂಕ ಹೆಚ್ಚು ಬಂದವು. ನವೆಂಬರಿನಲ್ಲಿ, ಸಂಜೆಯ ತರಗತಿಗಳಿರುವ ಮೂರು ಕಾಲೇಜುಗಳಿಗೆ ಅರ್ಜಿ ಕಳುಹಿಸಿ, ಮರುದಿನ ಎಂದಿನಂತೆ ಕಚೇರಿಗೆ ಹೋದೆನೆಂದು ತಿಳಿಸಿದರು.