ಬಣ್ಣಕ್ಕಿಂತ ಮೊದಲು ಗೋಡೆಯ ಲೆಕ್ಕ

ಮನೆಯೊಳಗೆ ಬಣ್ಣ ಹೊಡೆಸುವುದೆಂದು ತೀರ್ಮಾನವಾದ ಕೂಡಲೇ ಮನೆಮಂದಿಯೆಲ್ಲ ಶೇಡ್ ಕಾರ್ಡಿನ ಸುತ್ತ ಸೇರುತ್ತಾರೆ. ಹಾಲಿಗೆ ಯಾವ ಬಣ್ಣ, ಯಾವ ಕಂಪನಿಯದು, ಲೀಟರಿಗೆ ಎಷ್ಟು ಎಂಬ ಚರ್ಚೆಯಲ್ಲೇ ವಾರ ಕಳೆಯುತ್ತದೆ. ಆಮೇಲೆ ಅಂಗಡಿಯವರು ಹೇಳಿದ ಲೀಟರುಗಳನ್ನು ದರದಿಂದ ಗುಣಿಸಿ, ಪೇಂಟರ್ ಹೇಳಿದ ಕೂಲಿಯನ್ನು ಕೂಡಿಸಿ ಬಜೆಟ್ ಆಯಿತೆಂದುಕೊಳ್ಳುತ್ತೇವೆ. ಕೆಲಸ ಮುಗಿಯುವ ಹೊತ್ತಿಗೆ ಆ ಮೊತ್ತ ಒಂದೂವರೆ ಪಟ್ಟಾದರೆ ಪೇಂಟರನ್ನೋ ಅಂಗಡಿಯವರನ್ನೋ ದೂರುತ್ತೇವೆ. ತಪ್ಪು ಬಹಳಷ್ಟು ಸಲ ಅವರಿಬ್ಬರದೂ ಅಲ್ಲ, ಲೆಕ್ಕ ಶುರುವಾದ ಜಾಗದ್ದು. ಒಳಗೋಡೆಯ ಬಣ್ಣದ ಖರ್ಚನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ಗೋಡೆ ಎಷ್ಟಿದೆ, ಹೇಗಿದೆ. ಡಬ್ಬಿಯ ಬೆಲೆ ಆಮೇಲಿನ ಮಾತು.

ಮೊದಲು ಅಳತೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ಗೋಡೆಗಳ ಒಟ್ಟು ಉದ್ದ 44 ಅಡಿ, ಅಂದರೆ ಗೋಡೆ 440 ಚದರ ಅಡಿ. ಮೂರು ಅಡಿ ಅಗಲ, ಏಳಡಿ ಎತ್ತರದ ಬಾಗಿಲು 21, ನಾಲ್ಕಡಿ ಚೌಕದ ಕಿಟಕಿ 16, ಇವೆರಡನ್ನೂ ಕಳೆದರೆ 403. ಸೀಲಿಂಗ್ 120 ಸೇರಿಸಿದರೆ 523 ಚದರ ಅಡಿ. ನೆಲ ಮಾತ್ರ 120. ಹೀಗೆ ಬಣ್ಣ ಬಳಿಯುವ ಜಾಗ ನೆಲದ ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಅಡುಗೆಮನೆ, ಬಚ್ಚಲಿನ ಟೈಲ್ಸ್ ಮತ್ತು ಗೋಡೆಗೆ ಕೂರಿಸಿದ ಕಪಾಟುಗಳು ಕಳೆದುಹೋಗುವುದರಿಂದ ಇಡೀ ಮನೆಗೆ ಕಾರ್ಪೆಟ್ ಏರಿಯಾದ ಮೂರು, ಮೂರೂವರೆ ಪಟ್ಟು ಎಂದು ಹಿಡಿಯುವ ರೂಢಿ ಇದೆ. ಚದರ ಅಡಿಗೆ ಇಷ್ಟು ಎಂದು ದರ ಕೇಳಿದಾಗ ಅದು ಯಾವ ಚದರ ಅಡಿ ಎಂಬುದನ್ನು ಆ ಕ್ಷಣದಲ್ಲೇ ಕೇಳಿ ತಿಳಿಯಬೇಕಾದದ್ದು ಇದಕ್ಕೇ. ನೆಲದ ಅಳತೆ ಎಂದು ಮನೆಯವರು ತಿಳಿದು, ಗೋಡೆಯ ಅಳತೆ ಎಂದು ಮೇಸ್ತ್ರಿ ತಿಳಿದರೆ ಕೊನೆಯಲ್ಲಿ ಜಗಳ ತಪ್ಪಿದ್ದಲ್ಲ. ಬಾಗಿಲು, ಕಿಟಕಿಗಳನ್ನು ಕಳೆಯುವುದಕ್ಕೂ ಒಂದು ನ್ಯಾಯ ಇದೆ. ಕಟ್ಟಡ ಕೆಲಸಗಳ ಅಳತೆಗೆ ಬಳಕೆಯಲ್ಲಿರುವ ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರಿಗಿಂತ ಚಿಕ್ಕ ತೆರವುಗಳನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರಿನೊಳಗಿದ್ದು ಗೋಡೆಯ ಎರಡೂ ಮುಖಕ್ಕೆ ಒಂದೇ ಕೆಲಸವಿದ್ದರೆ ಒಂದು ಮುಖದಲ್ಲಿ ಮಾತ್ರ ಕಳೆಯುತ್ತಾರೆ. ತೆರವಿನ ಪಕ್ಕೆಗಳಿಗೆ ಬಳಿಯುವ ಶ್ರಮಕ್ಕೆ ಅದು ಸರಿಹೋಗುತ್ತದೆ. ಬಣ್ಣದ ಲೀಟರು ಲೆಕ್ಕ ಹಾಕುವಾಗ ತೆರವುಗಳನ್ನು ಪೂರ್ತಿ ಕಳೆಯಿರಿ, ಕೂಲಿಯ ಅಳತೆಗೆ ಈ ಕ್ರಮವನ್ನು ಒಪ್ಪಿಕೊಳ್ಳಿ.

ಈಗ ದುಡ್ಡು ಎಲ್ಲಿ ಹೋಗುತ್ತದೆ ನೋಡೋಣ. ಇಲ್ಲಿನ ದರಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮ ಊರಿನ ದರ ಹಾಕಿಕೊಂಡು ಓದಿ. 700 ಚದರ ಅಡಿ ಕಾರ್ಪೆಟ್ ಏರಿಯಾದ ಮನೆಯಲ್ಲಿ ಗೋಡೆ 1,650, ಸೀಲಿಂಗ್ 650, ಒಟ್ಟು 2,300 ಚದರ ಅಡಿ ಇದೆ ಎನ್ನೋಣ. ನುಣುಪಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಎರಡು ಕೋಟಿನಲ್ಲಿ 120 ಚದರ ಅಡಿ ಬಂದರೆ ಗೋಡೆಗೆ 14 ಲೀಟರ್ ಬೇಕು. ಲೀಟರಿಗೆ 200 ರೂಪಾಯಿಯ ಬಣ್ಣವಾದರೆ 2,800 ರೂಪಾಯಿ, 450ರ ಬಣ್ಣವಾದರೆ 6,300. ಸೀಲಿಂಗಿನ ಆರು ಲೀಟರ್ ಬಿಳಿಗೆ 180ರಂತೆ 1,080. ಪುಟ್ಟಿ, ಪ್ರೈಮರ್, ಸಾಮಾನಿಗೆ 5,000. ಚದರ ಅಡಿಗೆ 9 ರೂಪಾಯಿ ಕೂಲಿ ಎಂದರೆ 20,700. ಅಗ್ಗದ ಬಣ್ಣದಲ್ಲಿ ಒಟ್ಟು 29,580, ದುಬಾರಿಯದರಲ್ಲಿ 33,080. ಶೇಡ್ ಕಾರ್ಡಿನ ಮುಂದೆ ಎರಡು ಪಟ್ಟಿಗೂ ಮಿಕ್ಕಿ ಕಾಣುತ್ತಿದ್ದ ವ್ಯತ್ಯಾಸ ಒಟ್ಟು ಖರ್ಚಿನಲ್ಲಿ ಎಂಟರಲ್ಲೊಂದು ಭಾಗಕ್ಕೆ ಇಳಿಯಿತು. ಕೂಲಿ ಎರಡರಲ್ಲೂ ಅಷ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇನ್ನೊಮ್ಮೆ ಕೂಲಿ ಕೊಡುವ ದಿನ ಯಾವಾಗ ಬರುತ್ತದೆ ಎಂಬುದು. ಮೊದಲನೆಯದು ನಾಲ್ಕು ವರ್ಷ, ಎರಡನೆಯದು ಆರು ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ಖರ್ಚು ಕ್ರಮವಾಗಿ ಸುಮಾರು 7,400 ಮತ್ತು 5,500. ಆದರೆ ಈ ಆರು ವರ್ಷದ ಭರವಸೆ ನಿಂತಿರುವುದು ಡಬ್ಬಿಯ ಗುಣಕ್ಕಿಂತ ಹೆಚ್ಚಾಗಿ ಅದರ ಅಡಿಯ ಗೋಡೆಯ ಮೇಲೆ.

ನಮ್ಮ ರಾಜ್ಯದಲ್ಲಿ ಗೋಡೆಯ ಮೊದಲ ಶತ್ರು ತೇವ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮನೆಗೂ, 1,000 ಮಿಲಿಮೀಟರ್ ಆಸುಪಾಸಿನ ಬೆಂಗಳೂರಿನ ಮನೆಗೂ ಈ ಮಾತು ಬೇರೆ ಬೇರೆ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಬೆಂಗಳೂರಿನಲ್ಲೂ ತಾರಸಿಯ ಬಿರುಕು, ಬಚ್ಚಲಿನ ಪೈಪು, ಪಾಯದಿಂದ ಮೇಲೇರುವ ಥಂಡಿ ಇವೆಲ್ಲ ಇದ್ದೇ ಇವೆ. ಗಾರೆಯೊಳಗಿನ ನೀರು ಹೊರಗೆ ಬರುವಾಗ ಕರಗಿದ ಲವಣವನ್ನೂ ಹೊತ್ತು ತರುತ್ತದೆ. ನೀರು ಆರಿದಾಗ ಲವಣ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದಲೇ ತಳ್ಳುತ್ತದೆ. ಗೋಡೆಗೆ ಉಪ್ಪು ಬಂದಿದೆ ಎಂದು ನಾವು ಹೇಳುವುದು ಇದನ್ನೇ. ಇಂಥ ಗೋಡೆಗೆ ಅತಿ ದುಬಾರಿ ಎಮಲ್ಷನ್ ಬಳಿದರೂ ಮುಂದಿನ ಮಳೆಗಾಲದ ಹೊತ್ತಿಗೆ ಗುಳ್ಳೆ ಎದ್ದು ಉದುರಬಹುದು. ಪರೀಕ್ಷೆಗೆ ಖರ್ಚೇನೂ ಇಲ್ಲ: ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಅನುಮಾನದ ಜಾಗಕ್ಕೆ ಟೇಪಿನಿಂದ ಭದ್ರವಾಗಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮುಖದಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಲ್ಲಿದೆ, ಹೊರಮುಖದಲ್ಲಿ ಕಟ್ಟಿದರೆ ಕೋಣೆಯ ಗಾಳಿಯಲ್ಲಿದೆ. ಗೋಡೆಯಲ್ಲಿದ್ದರೆ ಬಜೆಟ್ಟಿನ ಮೊದಲ ಸಾಲು ಬಣ್ಣದ್ದಲ್ಲ, ಪ್ಲಂಬರ್ ಅಥವಾ ತಾರಸಿಯ ದುರಸ್ತಿಯದ್ದು. ಕಾಲದ ಲೆಕ್ಕವೂ ಇಲ್ಲೇ ಬರುತ್ತದೆ. ದೀಪಾವಳಿಗೆ ಮನೆ ಹೊಸದಾಗಿ ಕಾಣಬೇಕೆಂಬ ಆಸೆ ಸಹಜವೇ. ಆದರೆ ಆಗ ಮಳೆಗಾಲದ ತೇವ ಗೋಡೆಯಲ್ಲಿ ಇನ್ನೂ ಉಳಿದಿರುತ್ತದೆ, ಪೇಂಟರುಗಳಿಗೂ ಬೇಡಿಕೆ ಏರಿರುತ್ತದೆ. ಜನವರಿಯಿಂದ ಯುಗಾದಿಯ ತನಕ ಗೋಡೆ ಒಣಗಿರುತ್ತದೆ.

ಗೋಡೆಯ ಮೇಲೆ ಈಗಾಗಲೇ ಏನಿದೆ ಎಂಬುದು ಎರಡನೆಯ ಪ್ರಶ್ನೆ. ಹಳೆಯ ಮನೆಗಳಲ್ಲಿ ಸುಣ್ಣದ ಪದರದ ಮೇಲೆ ಪದರ ಕೂತಿರುತ್ತದೆ. ಕೈಯಿಂದ ಉಜ್ಜಿದರೆ ಬಿಳಿ ಪುಡಿ ಹತ್ತುವ ಅಂಥ ಗೋಡೆಗೆ ನೇರವಾಗಿ ಎಮಲ್ಷನ್ ಬಳಿದರೆ ಅದು ಅಂಟುವುದು ಪುಡಿಗೆ, ಗೋಡೆಗಲ್ಲ. ಕೆರೆದು ತೆಗೆಯುವ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯದಿದ್ದರೆ ಕೆಲಸದ ನಡುವೆ ಅದು ದಿಢೀರನೆ ಬಂದು ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದ ದುಂದೂ ಇದೆ. ಹಿಂದಿನ ಎಮಲ್ಷನ್ ಗಟ್ಟಿಯಾಗಿ ಕೂತಿರುವ ಗೋಡೆಗೆ ತೊಳೆದು, ಎಮರಿ ಕಾಗದ ಉಜ್ಜಿ, ಬಿರುಕು ಮತ್ತು ಮೊಳೆಯ ತೂತುಗಳಿಗೆ ಮಾತ್ರ ಪುಟ್ಟಿ ತುಂಬಿ, ಅಷ್ಟಕ್ಕೇ ಪ್ರೈಮರ್ ಕೊಟ್ಟು ಎರಡು ಕೋಟ್ ಹೊಡೆದರೆ ಸಾಕು. ಆದರೂ ಪೂರ್ತಿ ಗೋಡೆಗೆ ಎರಡು ಕೋಟ್ ಪುಟ್ಟಿ ಎಂದು ಅಂದಾಜಿನಲ್ಲಿ ಬರೆದು ಕೊಡುವುದುಂಟು. ಅದರಲ್ಲಿ ಖರ್ಚಷ್ಟೇ ಅಲ್ಲ, ಅಪಾಯವೂ ಇದೆ. ನಮ್ಮಲ್ಲಿ 40 ಕಿಲೋ ಚೀಲದಲ್ಲಿ ಬರುವ ಬಿಳಿ ಸಿಮೆಂಟಿನ ಪುಟ್ಟಿ ಬರಿಯ ಗಾರೆಗಾಗಿ ಮಾಡಿದ್ದು. ಹಳೆಯ ಬಣ್ಣದ ಮೇಲೆ ಅದಕ್ಕೆ ಸರಿಯಾದ ಹಿಡಿತ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ಅಕ್ರಿಲಿಕ್ ಪುಟ್ಟಿ, ಅದೂ ಬೇಕಾದಷ್ಟೇ ಜಾಗಕ್ಕೆ. ಗೋಡೆಯನ್ನು ನೋಡದೆ ಫೋನಿನಲ್ಲೇ ಕೊಟ್ಟ ದರವನ್ನು ನಂಬಬಾರದೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಕೈಯಲ್ಲಿ ಇರುವುದೇ ಇಷ್ಟು, ಗೋಡೆ ರಿಪೇರಿಗೂ ಒಳ್ಳೆಯ ಬಣ್ಣಕ್ಕೂ ಹಣ ಎಲ್ಲಿಂದ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಆಗ ಇಡೀ ಮನೆಗೆ ತೆಳುವಾಗಿ ಹಂಚುವುದಕ್ಕಿಂತ ಕೋಣೆ ಕೋಣೆಯಾಗಿ ಹಂಚುವುದು ಮೇಲು. ಒಗ್ಗರಣೆಯ ಜಿಡ್ಡು ಕೂರುವ ಅಡುಗೆಮನೆ, ಮಕ್ಕಳು ಕೈ ಒರೆಸುವ ಹಾಲು ಮತ್ತು ಓಣಿಗೆ ತೊಳೆಯಬಹುದಾದ ಬಣ್ಣ ಇರಲಿ. ಯಾರ ಕೈಯೂ ತಾಗದ ಸೀಲಿಂಗಿಗೆ ಸಾದಾ ಬಿಳಿ ಸಾಕು. ತೇವವಿರುವ ಒಂದು ಗೋಡೆಯನ್ನು ಈ ವರ್ಷ ಕೆರೆದು, ದುರಸ್ತಿ ಮಾಡಿ, ಬಣ್ಣ ಹೊಡೆಯದೆ ಆರಲು ಬಿಡುವುದೂ ಉಳಿತಾಯವೇ. ಬಾಡಿಗೆಗೆ ಕೊಡುವ ಮನೆಯ ಲೆಕ್ಕ ಮಾತ್ರ ಬೇರೆ. ಬಾಡಿಗೆದಾರರು ಬದಲಾದಾಗಲೆಲ್ಲ ಮತ್ತೆ ಬಳಿಯುವುದಾದರೆ ಅಲ್ಲಿ ಆರು ವರ್ಷ ಬಾಳುವ ಬಣ್ಣಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಗೋಡೆಯನ್ನು ಒಮ್ಮೆ ಸರಿಯಾಗಿ ಸಿದ್ಧಮಾಡಿಟ್ಟರೆ ಮೇಲಿನ ಪದರ ಸಾದಾ ಇದ್ದರೂ ನಡೆಯುತ್ತದೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ಸಾಮಾನು ಸಮೇತ ಗುತ್ತಿಗೆ ಕೊಟ್ಟರಾಯಿತಲ್ಲ ಎಂಬುದು ಇನ್ನೊಂದು ವಾದ. ಬಿಡುವಿಲ್ಲದವರಿಗೆ, ಬೇರೆ ಊರಿನಲ್ಲಿ ಕೂತು ಮನೆ ಕೆಲಸ ಮಾಡಿಸುವವರಿಗೆ ಅದು ಸರಿಯಾದ ದಾರಿಯೇ. ಆದರೆ ಗುತ್ತಿಗೆಯ ಮೊತ್ತ ನಿಗದಿಯಾದ ಮೇಲೆ ಉಳಿಸಿದ ಪ್ರತಿ ಲೀಟರೂ ಗುತ್ತಿಗೆದಾರರ ಲಾಭ. ನೀರು ತುಸು ಹೆಚ್ಚು ಬೆರೆಸುವ, ಎರಡನೆಯ ಕೋಟನ್ನು ತೆಳ್ಳಗೆ ಎಳೆಯುವ ಒತ್ತಡ ಆ ವ್ಯವಸ್ಥೆಯಲ್ಲೇ ಇದೆ. ಸಾಮಾನು ನಾವೇ ತಂದುಕೊಟ್ಟರೆ ಒತ್ತಡ ಇನ್ನೊಂದು ಕಡೆಗೆ ವಾಲುತ್ತದೆ. ಪೇಂಟರುಗಳಿಗೆಂದು ಡಬ್ಬಿಯೊಳಗೆ ಟೋಕನ್ ಅಥವಾ ಕೋಡ್ ಇಡುವ ಪದ್ಧತಿ ಈ ವ್ಯಾಪಾರದಲ್ಲಿದೆ, ಹಾಗಾಗಿ ಡಬ್ಬಿ ಹೆಚ್ಚು ಖಾಲಿಯಾದಷ್ಟೂ ಅವರಿಗೆ ಒಂದಿಷ್ಟು ಸಿಗುತ್ತದೆ. ದಿನವಿಡೀ ಕತ್ತೆತ್ತಿ ಸೀಲಿಂಗ್ ಬಳಿಯುವವರ ಕೂಲಿ ನೋಡಿದರೆ ಇದಕ್ಕಾಗಿ ಅವರನ್ನು ಅನುಮಾನಿಸುವುದು ಸಲ್ಲದು. ನಾವು ಮಾಡಬಹುದಾದದ್ದು ಒಪ್ಪಂದವನ್ನು ಬಿಡಿಸಿ ಬರೆಯುವುದು: ಗೋಡೆಯ ಅಳತೆ, ಪುಟ್ಟಿ ಎಲ್ಲೆಲ್ಲಿ, ಪ್ರೈಮರ್ ಮತ್ತು ಬಣ್ಣ ತಲಾ ಎಷ್ಟು ಕೋಟ್, ಯಾವ ಬಣ್ಣ, ಬಾಗಿಲು ಮತ್ತು ಗ್ರಿಲ್ಲುಗಳ ಎನಾಮಲ್ ದರ ಬೇರೆಯೋ ಸೇರಿದೆಯೋ, ಹಣ ಯಾವ ಹಂತದಲ್ಲಿ. ಎಷ್ಟು ನೀರು ಬೆರೆಸಬೇಕೆಂಬುದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಡಬ್ಬಿ ಎದುರಿಗೇ ತೆರೆಯಲಿ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ರೋಲರ್, ಬ್ರಷ್, ಎಮರಿ ಕಾಗದ, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸುವ ಪ್ಲಾಸ್ಟಿಕ್, ಎನಾಮಲ್ಲಿಗೆ ಟರ್ಪೆಂಟೈನ್, ಇವುಗಳ ಮೊತ್ತ ಚಿಕ್ಕದು. ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದೂ ಇವಕ್ಕೇ. ಹಾಸು ಉಳಿಸಿದ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಪುಟ್ಟಿಯ ಕಲೆ ಸುಲಭಕ್ಕೆ ಹೋಗುವುದಿಲ್ಲ. ಈ ಪಟ್ಟಿಗೆ ಒಳ್ಳೆಯ ಮಾಸ್ಕುಗಳನ್ನು ಸೇರಿಸಲೇಬೇಕು. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಬಾಗಿಲು, ಕಿಟಕಿ, ಗ್ರಿಲ್ಲುಗಳ ಎನಾಮಲ್ಲಿನಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಏಳುವ ಧೂಳು ಪೇಂಟರಿಗೂ ಮನೆಯ ಚಿಕ್ಕಮಕ್ಕಳಿಗೂ ಹಾನಿ. ನೀರು ಹಚ್ಚಿ ಉಜ್ಜಿಸುವುದು, ಮಕ್ಕಳನ್ನು ಆ ದಿನಗಳಲ್ಲಿ ಬೇರೆಡೆ ಇರಿಸುವುದು ಖರ್ಚು ನೋಡಿ ಕೈಬಿಡುವ ಸಂಗತಿಗಳಲ್ಲ.

ಕೊಳ್ಳುವಾಗ 1, 4, 10, 20 ಲೀಟರಿನ ಡಬ್ಬಿಗಳನ್ನು ಅಗತ್ಯಕ್ಕೆ ಹೊಂದಿಸಿ. ಮೇಲಿನ ಮನೆಗೆ ಒಂದೇ ಬಣ್ಣವಾದರೆ 10 ಮತ್ತು 4 ಸರಿಹೋಗುತ್ತವೆ, ಕೋಣೆಗೊಂದು ಬಣ್ಣವೆಂದರೆ ಚಿಕ್ಕ ಡಬ್ಬಿಗಳಾಗಿ ಲೀಟರಿನ ದರ ಏರುತ್ತದೆ, ಪ್ರತಿ ಡಬ್ಬಿಯಲ್ಲೂ ಸ್ವಲ್ಪ ಸ್ವಲ್ಪ ಉಳಿದು ದಂಡವಾಗುತ್ತದೆ. ಕಡು ಬಣ್ಣಗಳಿಗೆ ಮೂರನೆಯ ಕೋಟ್ ಬೇಕಾಗುವುದು ಸಾಮಾನ್ಯ, ಅದರ ಕೂಲಿಯನ್ನೂ ಮೊದಲೇ ಮಾತಾಡಿಕೊಳ್ಳಿ. ಯಂತ್ರದಲ್ಲಿ ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸು ತೆಗೆದುಕೊಳ್ಳುವುದಿಲ್ಲ. ಎರಡು ಸಲ ಬೆರೆಸಿದ್ದರ ನಡುವೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುವುದೂ ಉಂಟು. ಆದ್ದರಿಂದ ಒಂದು ಗೋಡೆಗೆ ಬೇಕಾದದ್ದನ್ನು ಒಟ್ಟಿಗೇ ತರಬೇಕು. ಮಿಕ್ಕ ಅರ್ಧ ಲೀಟರನ್ನು ಗಟ್ಟಿಯಾಗಿ ಮುಚ್ಚಿ, ಶೇಡ್ ಕೋಡ್, ಕೋಣೆ, ತಿಂಗಳು ಬರೆದು ಬಿಸಿಲು ತಾಗದಲ್ಲಿ ಇಟ್ಟುಕೊಂಡರೆ ಸೋಫಾ ತಾಗಿ ಕೆರೆದ ಜಾಗಕ್ಕೆ ಇಡೀ ಗೋಡೆ ಬಳಿಸುವ ಖರ್ಚು ಬರುವುದಿಲ್ಲ.