ಬಾಡಿಗೆಯ ಮನೆಯೂ ವಾಸ್ತುವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮನೆಯನ್ನು ಬಾಡಿಗೆಗೆ ಹಿಡಿದು ನೋಡು ಎಂದು ಅವರು ಹೇಳಲಿಲ್ಲ. ಮಲೆನಾಡಿನ ಹಳ್ಳಿಯಲ್ಲಿ ಗೇಣಿಯ ಗದ್ದೆ ಇತ್ತು, ಬಾಡಿಗೆಯ ಗಾಡಿ ಇತ್ತು. ಬಾಡಿಗೆಯ ಮನೆ ಎಂಬ ವಸ್ತು ಪ್ರಾಯಶಃ ಅವರಿಗೆ ಅಪರೂಪವಾಗಿತ್ತು. ಇಂದು ಹಾಗಿಲ್ಲ. ನಮ್ಮ ಕಾಲೇಜಿನಲ್ಲಿ ಓದುವ ಅನೇಕರು ಹಳ್ಳಿಯಿಂದ ಬಂದು ಪೇಟೆಯಲ್ಲಿ ಕೊಠಡಿ ಹಿಡಿದವರು. ಅಧ್ಯಾಪಕವರ್ಗದಲ್ಲಿಯೂ ವರ್ಗವಾಗಿ ಬಂದು ಮನೆಗಾಗಿ ಬೀದಿ ಬೀದಿ ಅಲೆದವರು ಕಡಮೆಯಿಲ್ಲ. ಹೀಗೆ ಅಲೆಯುವಾಗ ಬಾಡಿಗೆ, ಮುಂಗಡ, ನೀರು ಎಂಬ ಮೂರು ಮಾತುಗಳ ಜೊತೆಗೆ ನಾಲ್ಕನೆಯದಾಗಿ ಕಿವಿಗೆ ಬೀಳುವ ಮಾತು ‘ವಾಸ್ತು’. ಕಟ್ಟುವವನಿಗಾಗಿ ಹುಟ್ಟಿದ ಈ ಶಾಸ್ತ್ರವು ಬಾಡಿಗೆಗೆ ಬರುವವನಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ಹೊಳೆಬಾಗಿಲಿನ ಆಚೆಯ ದಡದಲ್ಲಿದೆ. ಶರಾವತಿಯ ಹಿನ್ನೀರಿನ ಮೇಲೆ ಲಾಂಚು ಹತ್ತಿ ಸಾಗರದ ಕಡೆಗೆ ಬರುತ್ತಿದ್ದವರು ನಾವು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಈಚೆಯ ದಡವೇ ಗತಿ. ಆದಕಾರಣ ಹೈಸ್ಕೂಲು ಮುಗಿಸಿದ ನಮ್ಮ ಕಡೆಯ ಹುಡುಗರಿಗೆ ಪೇಟೆಯಲ್ಲಿ ಒಂದು ಕೊಠಡಿ ಎಂಬುದು ಪುಸ್ತಕದಷ್ಟೇ ಅವಶ್ಯವಾಗಿತ್ತು. 2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಗಿ ಆ ಕಾಯುವಿಕೆ ಮುಗಿಯಿತು. ಆದರೂ ಒಳಹಳ್ಳಿಗಳವರಿಗೆ ದಿನಂಪ್ರತಿ ಹೋಗಿ ಬಂದು ಓದುವುದು ಸುಲಭವಲ್ಲ. ನಾವು ನಾಲ್ವರು ಗೆಳೆಯರು ಕೂಡಿ ಮನೆ ಹುಡುಕಿದೆವು. ಒಂದಲ್ಲ ಎರಡಲ್ಲ, ಹನ್ನೊಂದು ಮನೆಗಳನ್ನು ನೋಡಿದೆವು. ಅವುಗಳಲ್ಲಿ ಕಂಡದ್ದೂ ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದ್ದೂ ಸೇರಿ ಈ ಬರಹವಾಗಿದೆ.

ಪೂರ್ವದ ಬಾಗಿಲಿನ ಮನೆಗೆ ಬಾಡಿಗೆ ಹೆಚ್ಚು, ದಕ್ಷಿಣದ ಬಾಗಿಲಿನದಕ್ಕೆ ಕಡಮೆ. ಇದು ನಾವು ಮೊದಲ ದಿನವೇ ಕಲಿತ ಪಾಠ. ದಲ್ಲಾಳಿಯು ತನ್ನ ಮೊಬೈಲಿನಲ್ಲಿದ್ದ ದಿಕ್ಸೂಚಿಯನ್ನು ಹೊಸಿಲಿನ ಮೇಲಿಟ್ಟು, ವೈದ್ಯನು ನಾಡಿ ಹಿಡಿದಂತೆ ಕಣ್ಣು ಮುಚ್ಚಿ, “ಶುದ್ಧ ಪೂರ್ವ” ಎಂದನು. ಅದರ ಪಕ್ಕದ ಮನೆಯಲ್ಲಿ ಬಾಗಿಲು ದಕ್ಷಿಣಕ್ಕಿತ್ತು. ಆ ದೋಷದ ನಿವಾರಣೆಗೆಂದು ಮನೆಯೊಡೆಯರು ಒಳಗೆ ನಗುವ ಬುದ್ಧನ ಒಂದು ಬೊಂಬೆಯನ್ನೂ ಗಾಜಿನ ಪಾತ್ರೆಯಲ್ಲಿ ಬಿದಿರಿನಂಥ ಒಂದು ಗಿಡವನ್ನೂ ಇಟ್ಟಿದ್ದರು. ಇದು ಚೀನದ ಫೆಂಗ್ ಶುಯಿ ಎಂದು ಹೇಳಿದರು.

ಇಲ್ಲಿ ಒಂದು ವಿನೋದವಿದೆ. ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಆ ವಿದ್ಯೆಯ ಹಳೆಯ ಗ್ರಂಥಗಳಲ್ಲಿ ಒಂದನ್ನು ನಾಲ್ಕನೆಯ ಶತಮಾನದ ಗುವೊ ಪು ಎಂಬ ಪಂಡಿತನ ಹೆಸರಿನಲ್ಲಿ ಹೇಳುತ್ತಾರೆ. ಅದು ಸತ್ತವರಿಗೆ ಸಮಾಧಿಯ ಸ್ಥಳವನ್ನು ಆರಿಸುವ ವಿಚಾರದ್ದು. ಬದುಕಿರುವವರ ಮನೆಗೆ ಚೀನೀಯರು ಮೆಚ್ಚಿದ ದಿಕ್ಕು ಯಾವುದು ಬಲ್ಲಿರಾ? ದಕ್ಷಿಣವೇ! ಅವರ ದೇಶದಲ್ಲಿ ಚಳಿಗಾಲದ ಕೊರೆಯುವ ಗಾಳಿ ಉತ್ತರದಿಂದ ಬೀಸುತ್ತದೆ. ಬೆನ್ನಿಗೆ ಬೆಟ್ಟವಿಟ್ಟುಕೊಂಡು ಬಿಸಿಲಿರುವ ದಕ್ಷಿಣಕ್ಕೆ ಮುಖ ಮಾಡುವುದು ಅಲ್ಲಿಯ ಕ್ರಮ. ಹಾಗಿರುವಲ್ಲಿ ದಕ್ಷಿಣದ ಬಾಗಿಲನ್ನು ದೋಷವೆಂದು ತಿಳಿದು, ಅದಕ್ಕೆ ಚೀನದ ಮದ್ದು ತರುವುದು, ಬೆಂಕಿಯನ್ನು ಆರಿಸಲು ಪಕ್ಕದ ಮನೆಯಿಂದ ಎಣ್ಣೆ ತಂದಂತೆ. ಆ ನಗುವ ಬೊಂಬೆಯೂ ಗೌತಮ ಬುದ್ಧನದಲ್ಲ. ಬುದೈ ಎಂಬ ಚೀನೀ ಸನ್ಯಾಸಿಯದು.

ನಮ್ಮದೇ ಶಾಸ್ತ್ರವು ದಕ್ಷಿಣದ ವಿಚಾರದಲ್ಲಿ ಏನು ಹೇಳುತ್ತದೆಂದು ನೋಡೋಣ. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವಾಸ್ತುವಿದ್ಯೆಗೇ ಒಂದು ಅಧ್ಯಾಯವಿದೆ. ನಿವೇಶನವನ್ನು ಎಂಬತ್ತೊಂದು ಚೌಕಗಳಾಗಿ ಭಾಗಿಸಿದರೆ ಅಂಚಿನಲ್ಲಿ ಮೂವತ್ತೆರಡು ಚೌಕಗಳು ಬರುತ್ತವೆ. ದಿಕ್ಕಿಗೆ ಎಂಟರಂತೆ, ಪ್ರತಿಯೊಂದರಲ್ಲಿ ಬಾಗಿಲಿಟ್ಟರೆ ಇಂಥ ಫಲವೆಂದು ಅವನು ಹೇಳುತ್ತಾನೆ. ಪೂರ್ವದ ಎಂಟರಲ್ಲಿ ಧನವನ್ನೂ ರಾಜನ ಪ್ರೀತಿಯನ್ನೂ ಕೊಡುವವು ಎರಡು. ಮಿಕ್ಕವುಗಳಲ್ಲಿ ಬೆಂಕಿಯ ಭಯ, ಸಿಟ್ಟು, ಸುಳ್ಳು, ಕ್ರೌರ್ಯ, ಕಳವು ಇವೆ. (ಹೆಣ್ಣುಮಕ್ಕಳ ಜನನವನ್ನೂ ಅವನು ಇದೇ ಸಾಲಿನಲ್ಲಿ ಸೇರಿಸಿದ್ದಾನೆ. ನಮ್ಮ ಕಾಲೇಜಿನ ಸೋದರಿಯರು ಇದಕ್ಕೆ ಏನು ಹೇಳುತ್ತಾರೋ ಅವರಿಗೇ ಬಿಟ್ಟದ್ದು.) ದಕ್ಷಿಣದ ಎಂಟರಲ್ಲಿ ಹೆಚ್ಚಿನವು ಕೆಟ್ಟವೆಂಬುದು ನಿಜ, ಆದರೂ ಒಂದರಲ್ಲಿ ಅನ್ನಪಾನಗಳೂ ಸಂತಾನವೂ ವೃದ್ಧಿಯಾಗುತ್ತವೆ ಎಂದಿದ್ದಾನೆ. ಹೀಗೆ ಪೂರ್ವವೆಲ್ಲ ಶುಭ, ದಕ್ಷಿಣವೆಲ್ಲ ಅಶುಭ ಎಂಬ ದಲ್ಲಾಳಿಯ ಸೂತ್ರವು ಆ ಗ್ರಂಥದಲ್ಲಿಲ್ಲ. ಆರು ಪಾಲು ಸಂದೇಹದ ಪೂರ್ವಕ್ಕೆ ಹೆಚ್ಚು ಬಾಡಿಗೆ ತೆರಬೇಕಾದವರು ನಾವು.

ಇನ್ನು ಗ್ರಂಥವನ್ನು ಬಿಟ್ಟು ಆಕಾಶವನ್ನು ನೋಡಬಹುದು. ನಮ್ಮ ಸೀಮೆ ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು 14 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ಎಂಟು ತಿಂಗಳಿಗೂ ಮಿಕ್ಕಿ ಅವನು ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಅಂದರೆ ಮಳೆಗಾಲ ಮುಗಿದು ಗೋಡೆಯ ತೇವ ಆರಬೇಕಾದ ಕಾಲಕ್ಕೆ ಬಿಸಿಲು ಒಳಗೆ ಬರುವುದು ದಕ್ಷಿಣದ ಬಾಗಿಲಿನಿಂದ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಹೊಸನಗರ, ಸಾಗರಗಳಲ್ಲಿ ಅಷ್ಟಿಲ್ಲದಿದ್ದರೂ ಜುಲೈ ತಿಂಗಳಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಯಮನ ದಿಕ್ಕೆಂದು ಹೆದರಿ ಬಿಸಿಲನ್ನು ಬಿಟ್ಟುಕೊಡುವುದು ಮಲೆನಾಡಿನವರಿಗೆ ತರವಲ್ಲ.

ಹಾಗೆಂದು ವಾಸ್ತುವಿನ ಮಾತೆಲ್ಲ ಹುಸಿ ಎಂದು ನಾನು ಹೇಳುವುದಿಲ್ಲ. ನೈರುತ್ಯ ಮೂಲೆ ಎತ್ತರವಾಗಿ ಭಾರವಾಗಿರಲಿ, ಈಶಾನ್ಯ ತೆರೆದಿರಲಿ ಎಂಬ ನಿಯಮವನ್ನೇ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆಯ ಇರಚಲು ಹೊಡೆಯುವುದು ಪಶ್ಚಿಮ ಮತ್ತು ನೈರುತ್ಯದಿಂದ. ಆ ಕಡೆಗೆ ಜಂಬಿಟ್ಟಿಗೆಯ ದಪ್ಪ ಗೋಡೆಯೂ ತಗ್ಗಾಗಿ ಇಳಿದ ಸೂರೂ ಇದ್ದರೆ ಮನೆ ಉಳಿಯಿತು. ಅಲ್ಲಿ ದೊಡ್ಡ ಕಿಟಕಿ ಇಟ್ಟರೆ ಹಾಸಿಗೆ ನೆನೆಯಿತು. ಮಳೆಗಾಲಕ್ಕೆ ಮುಂಚೆ ಜಗಲಿಗೆ ಅಡಕೆ ಸೋಗೆಯ ತಡಿಕೆ ಕಟ್ಟುತ್ತಿದ್ದ ನಮ್ಮ ಅಜ್ಜಂದಿರು ವರಾಹಮಿಹಿರನನ್ನು ಓದಿದವರಲ್ಲ. ನೆಲದ ಪರೀಕ್ಷೆಯೂ ಹೀಗೆಯೇ. ಒಂದು ಮೊಳದ ಗುಂಡಿ ತೋಡಿ, ಅದೇ ಮಣ್ಣಿನಿಂದ ಮುಚ್ಚಿದಾಗ ಮಣ್ಣು ಮಿಕ್ಕರೆ ಒಳ್ಳೆಯ ನೆಲ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರುವಷ್ಟರಲ್ಲಿ ನೀರು ತಗ್ಗದಿದ್ದರೆ ಒಳ್ಳೆಯ ನೆಲ. ಇದು ಪಾಯ ತೋಡುವ ಮೊದಲು ಯಾವ ಇಂಜಿನಿಯರನೂ ಕೇಳುವ ಪ್ರಶ್ನೆಯೇ. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ನೋಡಿದವರು ನಡುವಿನ ತೆರೆದ ಅಂಗಳವನ್ನು ಮರೆಯಲಾರರು. ಮನೆಯ ನಡುವಣ ಬ್ರಹ್ಮಸ್ಥಾನವನ್ನು ತೆರವಾಗಿಡಬೇಕು ಎಂಬ ಶಾಸ್ತ್ರದ ಮಾತು ಅಲ್ಲಿ ಬೆಳಕೂ ಗಾಳಿಯೂ ಆಗಿ ಬರುತ್ತದೆ. ಪೇಟೆಯ ಬಾಡಿಗೆ ಕೊಠಡಿಗೆ ಇಂಥ ಅಂಗಳವನ್ನು ಎಲ್ಲಿಂದ ತರುವುದು?

ಬಾಡಿಗೆಯವರನ್ನು ಹೆದರಿಸುವ ಇನ್ನೊಂದು ಲೆಕ್ಕ ‘ಆಯ’. ಕೊಠಡಿಯ ಉದ್ದ ಅಗಲಗಳನ್ನು ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಶೇಷ ಒಂದಾದರೆ ಧ್ವಜಾಯ, ಎರಡಾದರೆ ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ. ಏನೂ ಉಳಿಯದಿದ್ದರೆ ಕಾಕ. ಧ್ವಜ, ಸಿಂಹ, ವೃಷಭ, ಗಜ ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆಗಳು ಕೆಟ್ಟವು. ನಾನು ಕಲಾವಿಭಾಗದ ವಿದ್ಯಾರ್ಥಿ. ಆದರೂ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಒಂಬತ್ತು ಎಂದರೆ ಎಂಟಕ್ಕೆ ಒಂದು ಹೆಚ್ಚು. ಆದ್ದರಿಂದ ಒಂಬತ್ತರಿಂದ ಗುಣಿಸಿದರೂ ಗುಣಿಸದಿದ್ದರೂ ಶೇಷ ಒಂದೇ! ಒಳ್ಳೆಯ ಆಯಗಳೆಲ್ಲ ಬೆಸಸಂಖ್ಯೆಗಳು. ಎರಡು ಸಂಖ್ಯೆಗಳ ಗುಣಲಬ್ಧ ಬೆಸವಾಗಬೇಕಾದರೆ ಎರಡೂ ಬೆಸವಾಗಿರಬೇಕು. ಅಂತೂ ಈ ಗೂಢವಾದ ಲೆಕ್ಕವೆಲ್ಲ ಹೇಳುವುದು ಇಷ್ಟೆ: ಉದ್ದವೂ ಅಗಲವೂ ಬೆಸಸಂಖ್ಯೆಯಾಗಿರಲಿ. 11 ಅಡಿಗೆ 13 ಅಡಿಯ ಕೊಠಡಿ ಗಜಾಯ. 10 ಅಡಿಗೆ 12 ಅಡಿಯದು ಕಾಕಾಯ.

ಅದೂ ಅಡಿಯಲ್ಲಿ ಅಳೆದರೆ ಮಾತ್ರ. 9 ಅಡಿಗೆ 15 ಅಡಿಯ ಒಂದು ಕೊಠಡಿಯಿದೆಯೆನ್ನಿ. ಗುಣಿಸಿದರೆ 135, ಶೇಷ 7, ಆನೆ. ಅದೇ ಕೊಠಡಿಯನ್ನು ಶಾಸ್ತ್ರದಲ್ಲಿ ಹೇಳಿದ ಮೊಳದಲ್ಲಿ, ಎಂದರೆ ಒಂದೂವರೆ ಅಡಿಯ ಮಾನದಲ್ಲಿ ಅಳೆದರೆ 6ಕ್ಕೆ 10. ಗುಣಿಸಿದರೆ 60, ಶೇಷ 4, ನಾಯಿ. ಗೋಡೆ ಅಲುಗಲಿಲ್ಲ, ಬಾಗಿಲು ತಿರುಗಲಿಲ್ಲ, ಅಳತೆಗೋಲು ಬದಲಾದ ಮಾತ್ರಕ್ಕೆ ಆನೆ ನಾಯಿಯಾಯಿತು. ನಾವು ಕೊನೆಗೆ ಹಿಡಿದ ಕೊಠಡಿ 10ಕ್ಕೆ 12ರದ್ದು. ಪರೀಕ್ಷೆಯ ಕಾಲದಲ್ಲಿ ನಾಲ್ವರೂ ಒಟ್ಟಿಗೆ ಗಟ್ಟಿಯಾಗಿ ಓದಲು ತೊಡಗಿದರೆ ಕಾಕಾಯವೆಂಬ ಹೆಸರು ಅದಕ್ಕೆ ಒಪ್ಪುತ್ತದೆ ಎನ್ನಬೇಕು.

ನಮ್ಮ ಕಡೆಯ ಹಿರಿಯರು ಆಯವನ್ನು ಬಹಳ ನಂಬಿದವರು. ನನ್ನ ಅಜ್ಜನ ಮನೆಗೂ ಆಯ ನೋಡಿ, ಬಾಗಿಲು ಪೂರ್ವಕ್ಕಿಟ್ಟು, ಬಾವಿಯನ್ನು ಈಶಾನ್ಯದಲ್ಲಿ ತೋಡಿಸಿದ್ದರೆಂದು ಅಜ್ಜಿ ಹೇಳುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ಏರಿತು. ಆ ಮನೆಯೂ ಅದರ ಸುತ್ತಣ ಮನೆಗಳೂ ಹೋದವು. ಗಜಾಯದ ಮನೆ, ಶ್ವಾನಾಯದ ಮನೆ ಎಂದು ನೀರು ಭೇದವೆಣಿಸಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಕೆಲವು ಕಡೆ ಮನೆಗಳ ಪಂಚಾಂಗದ ಕಲ್ಲುಗಳೂ ಕಾಣುತ್ತವೆ. ನಾನು ಚಿಕ್ಕವನಿದ್ದಾಗ ಅಜ್ಜಿ ಅಂಥ ಒಂದು ಕಲ್ಲಿನ ಸಾಲನ್ನು ತೋರಿಸಿ, “ಇದು ನಮ್ಮ ಹೆಬ್ಬಾಗಿಲು” ಎಂದಿದ್ದರು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಆ ಹನ್ನೊಂದು ಮನೆಗಳಲ್ಲಿ ಏಳರಲ್ಲಿ, ನಾವು ದಿಕ್ಕು ಕೇಳುವ ಮೊದಲೇ ಮನೆಯವರು ನಮ್ಮನ್ನು ಕೇಳಿದ್ದು, “ನೀವು ಯಾವ ಜನ?” ಎಂದು. ನಾಲ್ವರದೂ ಒಂದೇ ಜಾತಿಯಲ್ಲ. ಒಂದು ಮನೆಯಲ್ಲಿ ಬಾಡಿಗೆಯೂ ಮುಂಗಡವೂ ನಿಶ್ಚಯವಾಗಿದ್ದವು. ನಮ್ಮಲ್ಲಿ ಒಬ್ಬನು ತನ್ನ ಜಾತಿಯನ್ನು ಮರೆಮಾಚದೆ ಹೇಳಿದ ಮೇಲೆ ಮನೆಯೊಡೆಯರ ಮುಖ ಬದಲಾಯಿತು. “ಕೊಠಡಿಯ ವಾಸ್ತುವಿನಲ್ಲಿ ಒಂದು ತೊಡಕಿದೆ, ಶಾಂತಿ ಮಾಡಿಸುವವರೆಗೆ ಯಾರಿಗೂ ಕೊಡುವಂತಿಲ್ಲ” ಎಂದರು. ಮುಂದಿನ ವಾರ ಅದೇ ಕೊಠಡಿಯ ಮುಂದೆ ಬೇರೆ ಇಬ್ಬರ ಬಟ್ಟೆ ಒಣಗುತ್ತಿತ್ತು. ನಮ್ಮ ಗೆಳೆಯನು ಅದನ್ನು ನೋಡಿದನು, ಏನೂ ಹೇಳಲಿಲ್ಲ.

ವಾಸ್ತು ಎಂಬ ಮಾತಿಗೆ ಬಾಡಿಗೆಯ ವ್ಯವಹಾರದಲ್ಲಿ ಇಂಥ ಉಪಯೋಗವೂ ಉಂಟು. ಬೇಡವೆನ್ನಲು ನಾಲಗೆ ಹಿಂಜರಿದಾಗ ದಿಕ್ಕು ನೆರವಿಗೆ ಬರುತ್ತದೆ. ಶಾಸ್ತ್ರಕ್ಕೆ ಈ ವಿಚಾರದಲ್ಲಿ ಪೂರ್ತಿ ನಿರಪರಾಧದ ಪತ್ರ ಕೊಡುವುದಕ್ಕೂ ಬರುವಂತಿಲ್ಲ. ಬಿಳಿಯ ಮಣ್ಣು ಬ್ರಾಹ್ಮಣನಿಗೆ, ಕೆಂಪು ಕ್ಷತ್ರಿಯನಿಗೆ, ಹಳದಿ ವೈಶ್ಯನಿಗೆ, ಕರಿದು ಶೂದ್ರನಿಗೆ ಎಂದು ಬಣ್ಣದಿಂದ ನೆಲವನ್ನು ಹಂಚಿದ್ದು ಅದೇ ಶಾಸ್ತ್ರ. ಮನೆಯ ಅಗಲವನ್ನೂ ಅದು ವರ್ಣಕ್ಕೆ ತಕ್ಕಂತೆ ಕುಗ್ಗಿಸುತ್ತ ಹೋಗುತ್ತದೆ. ಆ ಲೆಕ್ಕದಲ್ಲಿ ಕೆಂಪು ಮುರಕಲ್ಲಿನ ಮಣ್ಣಿನ ನಮ್ಮ ಸೀಮೆಯಲ್ಲಿ ಎಲ್ಲರೂ ಕ್ಷತ್ರಿಯರೇ ಇರಬೇಕಾಗಿತ್ತು. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ: ಯಾವ ನೆಲದಲ್ಲಿ ಯಾರ ಮನಸ್ಸು ರಮಿಸುತ್ತದೆಯೋ ಅದು ಅವರಿಗೆ ಶುಭ ಎಂಬ ಅರ್ಥದ್ದು. ದಲ್ಲಾಳಿಗಳು ಈ ಒಂದು ಮಾತನ್ನು ಮಾತ್ರ ಎಂದೂ ಉದಾಹರಿಸುವುದಿಲ್ಲ.

ಮುಂದಿನ ವರ್ಷ ಮನೆ ಹುಡುಕುವ ಮಿತ್ರರಿಗೆ ಉಪಯೋಗವಾಗಬಹುದೆಂದು ನಾವು ನೋಡಿದ ಕ್ರಮವನ್ನು ಹೇಳಿಬಿಡುತ್ತೇನೆ. ಮನೆಯನ್ನು ಬಿಸಿಲಿನಲ್ಲಿ ಒಮ್ಮೆ, ಜಡಿಮಳೆಯಲ್ಲಿ ಒಮ್ಮೆ ನೋಡತಕ್ಕದ್ದು. ಕಾಲೇಜು ಸೇರುವ ಕಾಲವೂ ಮಳೆಯ ಕಾಲವೂ ಒಂದೇ ಆಗಿರುವುದು ನಮ್ಮ ಪುಣ್ಯ. ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ ತೇವವಿದೆಯೇ ನೋಡಿ. ಹಂಚಿನ ಮಾಡಾದರೆ ಒಳಗೆ ನಿಂತು ತಲೆಯೆತ್ತಿ ಬೆಳಕಿನ ಚುಕ್ಕೆಗಳನ್ನು ಎಣಿಸಿ. ಹಿತ್ತಲ ಧರೆ ಗೋಡೆಗೆ ಎಷ್ಟು ಹತ್ತಿರ, ಅಂಗಳದ ನೀರು ಎತ್ತ ಹರಿದುಹೋಗುತ್ತದೆ, ಬಾವಿಗೂ ಕಕ್ಕಸಿನ ಗುಂಡಿಗೂ ಅಂತರವೆಷ್ಟು, ಏಪ್ರಿಲ್‌ನಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ ಎಂದು ನೆರೆಯವರನ್ನು ಕೇಳಿ, ಮನೆಯೊಡೆಯರನ್ನಲ್ಲ. ಹಳ್ಳಿಯ ಮನೆಯಲ್ಲಿ ಬಚ್ಚಲೊಲೆಯ ಮೇಲೆ ಬಟ್ಟೆ ಆರಿಸುತ್ತಿದ್ದೆವು. ಪೇಟೆಯ ಕೊಠಡಿಯಲ್ಲಿ ಅದಿಲ್ಲ, ಆದ್ದರಿಂದ ಗಾಳಿ ಹಾಯುವ ಒಂದು ಮೂಲೆ ಬೇಕು.

ಕರಾರು ಪತ್ರದ ಮಾತು ಒಂದಿದೆ. ಅದನ್ನು ಹನ್ನೊಂದು ತಿಂಗಳಿಗೇ ಏಕೆ ಬರೆಯುತ್ತಾರೆಂದು ಅನೇಕರು ಕೇಳುತ್ತಾರೆ. ಅದರಲ್ಲಿ ಮುಹೂರ್ತವೂ ಇಲ್ಲ, ಆಯವೂ ಇಲ್ಲ. ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಪತ್ರವನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ, ಆ ಖರ್ಚನ್ನು ಉಳಿಸಲು ಈ ಉಪಾಯ. ಮುಂಗಡದ ಮೊಬಲಗು, ಅದನ್ನು ಹಿಂದಕ್ಕೆ ಕೊಡುವ ದಿನ, ವಿದ್ಯುತ್ತಿನ ಹಣ ಯಾರದು ಎಂಬುದು, ಸೋರುವ ಹಂಚನ್ನು ಬದಲಿಸುವವರು ಯಾರು ಎಂಬುದು, ಇಷ್ಟೂ ಆ ಪತ್ರದಲ್ಲಿರಲಿ. ನಾವು ಹಿಡಿದ ಮನೆಯ ಬಾಗಿಲು ದಕ್ಷಿಣಕ್ಕಿದೆ, ಬಾಡಿಗೆ ಪೂರ್ವದ ಬಾಗಿಲಿನದಕ್ಕಿಂತ ಏಳುನೂರು ರೂಪಾಯಿ ಕಡಮೆ, ಮನೆಯೊಡತಿ ನಮ್ಮ ಜಾತಿಯನ್ನು ಕೇಳಲಿಲ್ಲ. ರಾತ್ರಿ ಹತ್ತಕ್ಕೆ ಗೇಟು ಹಾಕುವುದಾಗಿ ಮಾತ್ರ ಹೇಳಿದರು.